ನೀರು ಸರಬರಾಜನ್ನು ಯಾರಿಗೆ ವಹಿಸಬೇಕು? ಸಣ್ಣ ನಗರಸಭೆಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಕುಡಿಯುವ ನೀರಿನ ನಿರ್ವಹಣೆಯನ್ನು ಗುತ್ತಿಗೆಗೆ ಕೊಡುವ ವಿಷಯ ನಗರಸಭೆಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬಂದರೆ, ಚರ್ಚೆ ಬೇಗನೆ ಎರಡು ಮಾತಿಗೆ ಇಳಿಯುತ್ತದೆ. ಖಾಸಗಿಯವರಿಗೆ ಕೊಟ್ಟರೆ ದರ ಏರುತ್ತದೆ ಎನ್ನುವವರು ಒಂದು ಕಡೆ, ನಮ್ಮವರ ಕೈಯಲ್ಲೇ ಇದ್ದರೆ ನೀರು ಬರುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಎರಡೂ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ನಿರ್ಣಯಕ್ಕೆ ಸಹಿ ಹಾಕುವ ಸದಸ್ಯರಿಗೆ ಅವುಗಳಿಂದ ಹೆಚ್ಚು ಉಪಯೋಗವಿಲ್ಲ. ಪೈಪು ಒಡೆದರೆ ಖರ್ಚು ಯಾರದು, ಮಳೆ ಕೈಕೊಟ್ಟ ವರ್ಷದ ನಷ್ಟ ಯಾರದು, ಬಿಲ್ಲು ವಸೂಲಾಗದಿದ್ದರೆ ಕೊರತೆ ಯಾರ ತಲೆಗೆ ಬೀಳುತ್ತದೆ, ಇದೆಲ್ಲವನ್ನೂ ತಿಂಗಳು ತಿಂಗಳು ಪರಿಶೀಲಿಸಬಲ್ಲ ಎಂಜಿನಿಯರು ನಗರಸಭೆಯಲ್ಲಿ ಇದ್ದಾರೆಯೇ ಎಂಬುದನ್ನು ಕೇಳಿಕೊಂಡರೆ ಆಯ್ಕೆ ಸ್ಪಷ್ಟವಾಗುತ್ತ ಹೋಗುತ್ತದೆ. ಈ ಬರಹ ಕರ್ನಾಟಕದಲ್ಲಿ 50,000ದಿಂದ 3 ಲಕ್ಷದವರೆಗಿನ ಜನಸಂಖ್ಯೆಯ ನಗರಸಭೆಗಳನ್ನು ಉದ್ದೇಶಿಸಿದ್ದು, ಪುರಸಭೆಗಳಿಗೂ ಬಹುಪಾಲು ಅನ್ವಯಿಸುತ್ತದೆ.

ಮೊದಲಿಗೆ ಅಧಿಕಾರದ ಮಾತು. ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರಿಸಲಾದ ಹನ್ನೆರಡನೇ ಅನುಸೂಚಿಯಲ್ಲಿ ಗೃಹ, ಕೈಗಾರಿಕೆ ಮತ್ತು ವಾಣಿಜ್ಯ ಬಳಕೆಯ ನೀರು ಸರಬರಾಜು ನಗರ ಸ್ಥಳೀಯ ಸಂಸ್ಥೆಗಳ ವಿಷಯವಾಗಿ ಸೇರಿದೆ. ಕರ್ನಾಟಕ ಪುರಸಭೆಗಳ ಅಧಿನಿಯಮ 1964 ಕೂಡ ಈ ಹೊಣೆಯನ್ನು ಸ್ಥಳೀಯ ಸಂಸ್ಥೆಗೇ ವಹಿಸುತ್ತದೆ. ಜಾಕ್‌ವೆಲ್ (ನದಿಯಿಂದ ನೀರೆತ್ತುವ ಬಾವಿ), ಏರು ಕೊಳವೆ, ಶುದ್ಧೀಕರಣ ಘಟಕಗಳಂತಹ ದೊಡ್ಡ ಕಾಮಗಾರಿಗಳನ್ನು ಮಾಡುವುದು ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಾಮಗಾರಿ ಮುಗಿದ ಮೇಲೆ ಮಂಡಳಿಯು ಅದನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರಿಸುತ್ತದೆ. ಕಟ್ಟುವವರು ಒಬ್ಬರು, ನಡೆಸುವವರು ಇನ್ನೊಬ್ಬರು ಎಂಬ ಈ ಏರ್ಪಾಟು ಅನೇಕ ತೊಂದರೆಗಳ ಮೂಲವಾಗಿದೆ. ಇಪ್ಪತ್ತು ವರ್ಷ ಪಂಪು ನಡೆಸಿ ವಿದ್ಯುತ್ ಬಿಲ್ಲು ಕಟ್ಟಬೇಕಾದವರು ಪಂಪಿನ ಆಯ್ಕೆಯ ಹೊತ್ತಿನಲ್ಲಿ ಮೇಜಿನ ಬಳಿ ಇರುವುದಿಲ್ಲ.

ಇನ್ನೊಂದು ಸಂಗತಿಯನ್ನು ಆರಂಭದಲ್ಲೇ ಹೇಳಬೇಕು. ವಿದ್ಯುತ್ತಿನ ದರ ನಿಗದಿಗೆ ರಾಜ್ಯದಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವಿದೆ. ಅದರ ಮುಂದೆ ಸಾರ್ವಜನಿಕರು ಆಕ್ಷೇಪಣೆ ಸಲ್ಲಿಸಬಹುದು. ಪಟ್ಟಣದ ನೀರಿಗೆ ಅಂತಹ ಸ್ವತಂತ್ರ ಆಯೋಗವಿಲ್ಲ. ಹಾಗಾಗಿ ನೀರಿನ ವಿಷಯದಲ್ಲಿ ಒಪ್ಪಂದದ ಪತ್ರವೇ ನಿಯಂತ್ರಕ. ಅದರಲ್ಲಿ ಬರೆಯದೇ ಬಿಟ್ಟದ್ದನ್ನು ಮುಂದೆ ಕೇಳುವುದಕ್ಕೆ ನ್ಯಾಯಾಲಯ ಅಥವಾ ಬೀದಿ, ಇವೆರಡೇ ಜಾಗಗಳು ಉಳಿಯುತ್ತವೆ.

ಅಳತೆ ಇಲ್ಲದೆ ಟೆಂಡರ್ ಬೇಡ

ಯಾವ ಮಾದರಿಯನ್ನು ಆರಿಸಿದರೂ ಅದಕ್ಕೆ ಮುಂಚೆ ಆಗಬೇಕಾದ ಕೆಲಸವೆಂದರೆ ಸಗಟು ಮೀಟರ್ ಅಳವಡಿಕೆ: ಶುದ್ಧೀಕರಣ ಘಟಕದಿಂದ ಹೊರಡುವ ಕೊಳವೆಗೆ ಒಂದು, ಪ್ರತಿ ಓವರ್‌ಹೆಡ್ ಟ್ಯಾಂಕಿನ ಹೊರಹರಿವಿಗೆ ಒಂದೊಂದು. ಅನೇಕ ಊರುಗಳಲ್ಲಿ ದಿನಕ್ಕೆ ಎಷ್ಟು ನೀರು ಪಂಪಾಗುತ್ತದೆ ಎಂಬ ಅಂಕಿಯು ಪಂಪಿನ ಸಾಮರ್ಥ್ಯವನ್ನು ಓಡಿದ ಗಂಟೆಗಳಿಂದ ಗುಣಿಸಿ ಬರೆದ ಅಂದಾಜು ಮಾತ್ರ. ಹದಿನೈದು ವರ್ಷ ಸವೆದ ಪಂಪು ತನ್ನ ಫಲಕದ ಮೇಲೆ ಬರೆದಷ್ಟು ನೀರನ್ನು ಎತ್ತುವುದಿಲ್ಲ. ಆದರೂ ಲಾಗ್ ಪುಸ್ತಕದಲ್ಲಿ ಅದೇ ಅಂಕಿ ಮುಂದುವರಿಯುತ್ತದೆ.

ಈ ಅಂಕಿಯ ಬೆಲೆ ಎಷ್ಟೆಂದು ಒಂದು ಕಾಲ್ಪನಿಕ ಪಟ್ಟಣದ ಲೆಕ್ಕದಿಂದ ನೋಡಬಹುದು. ಜನಸಂಖ್ಯೆ 80,000 ಎಂದಿಟ್ಟುಕೊಳ್ಳೋಣ. ಒಳಚರಂಡಿ ಇರುವ ಊರಿಗೆ ಕೇಂದ್ರ ಸರ್ಕಾರದ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ಅಂದರೆ ಮನೆಗಳಿಗೆ ತಲುಪಬೇಕಾದ ನೀರು 1.08 ಕೋಟಿ ಲೀಟರ್. ದಾರಿಯಲ್ಲಿ ಶೇ 40ರಷ್ಟು ಸೋರಿದರೆ 1.8 ಕೋಟಿ ಲೀಟರ್ ಎತ್ತಬೇಕಾಗುತ್ತದೆ. ಸೋರಿಕೆಯನ್ನು 2008ರ ಸೇವಾಮಟ್ಟದ ಮಾನದಂಡವಾದ ಶೇ 20ಕ್ಕೆ ಇಳಿಸಿದರೆ 1.35 ಕೋಟಿ ಸಾಕು. ಸಾವಿರ ಲೀಟರನ್ನು 100 ಮೀಟರ್ ಎತ್ತರಕ್ಕೆ ಏರಿಸಲು, ಪಂಪು ಮತ್ತು ಮೋಟರಿನ ಒಟ್ಟು ದಕ್ಷತೆ ಶೇ 65 ಇದ್ದರೆ, ಸುಮಾರು 0.42 ಯೂನಿಟ್ ವಿದ್ಯುತ್ ಬೇಕು. ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ ದಿನಕ್ಕೆ 1,890 ಯೂನಿಟ್. ಯೂನಿಟ್ಟಿಗೆ ₹6 ಎಂದು ಹಿಡಿದರೆ ತಿಂಗಳಿಗೆ ಸುಮಾರು ₹3.4 ಲಕ್ಷ. ಆಲಂ, ಕ್ಲೋರಿನ್ ಮತ್ತು ಪಂಪಿನ ಸವೆತದ ಖರ್ಚು ಇದರಲ್ಲಿ ಸೇರಿಲ್ಲ.

ಈ ಉಳಿತಾಯ ಯಾರಿಗೆ ಸೇರಬೇಕು ಎಂಬುದೇ ಒಪ್ಪಂದದ ತಿರುಳು. ಗುತ್ತಿಗೆದಾರರು ಪಂಪುಗಳನ್ನು ನಡೆಸುತ್ತಾರೆ, ವಿದ್ಯುತ್ ಬಿಲ್ಲನ್ನು ನಗರಸಭೆ ಕಟ್ಟುತ್ತದೆ ಎಂಬ ಷರತ್ತು ಸಾಮಾನ್ಯವಾಗಿ ಕಾಣಸಿಗುತ್ತದೆ. ಆಗ ಸೋರಿಕೆ ನಿಲ್ಲಿಸುವುದರಿಂದ ಗುತ್ತಿಗೆದಾರರಿಗೆ ಒಂದು ಪೈಸೆಯ ಲಾಭವೂ ಇಲ್ಲ. ಇಂತಹ ಒಪ್ಪಂದವು ನಗರಸಭೆಯೇ ನಡೆಸುವುದಕ್ಕಿಂತ ಕೆಟ್ಟದ್ದು ಎಂಬುದು ನನ್ನ ಅಭಿಪ್ರಾಯ.

ನಗರಸಭೆಯೇ ನಡೆಸುವುದು

ಇದು ಇಂದು ಹೆಚ್ಚಿನ ಊರುಗಳಲ್ಲಿರುವ ವ್ಯವಸ್ಥೆ. ಹೆಸರಿಗೆ ಸ್ವಂತ ನಿರ್ವಹಣೆಯಾದರೂ ವಾಲ್ವ್‌ಮ್ಯಾನ್‌ಗಳು ಮತ್ತು ಪಂಪು ಚಾಲಕರಲ್ಲಿ ಹೆಚ್ಚಿನವರು ಹೊರಗುತ್ತಿಗೆಯವರು; ಅಂದರೆ ದುಡಿಮೆ ಈಗಾಗಲೇ ಗುತ್ತಿಗೆಯಲ್ಲಿದೆ, ಹೊಣೆ ಮಾತ್ರ ನಗರಸಭೆಯದ್ದು. ಇದರ ಬಲವೆಂದರೆ, ನೀರು ಬಾರದಿದ್ದಾಗ ಜನ ವಾರ್ಡಿನ ಸದಸ್ಯರ ಮನೆ ಬಾಗಿಲಿಗೆ ಹೋಗಬಹುದು, ಮತ್ತು ಯಾವ ಬೀದಿಯ ಯಾವ ಮೂಲೆಯಲ್ಲಿ ವಾಲ್ವ್ ಹೂತಿದೆ ಎಂಬ ತಿಳಿವಳಿಕೆ ಊರಿನೊಳಗೇ ಇರುತ್ತದೆ. ಅದೇ ಅದರ ದೌರ್ಬಲ್ಯವೂ ಹೌದು. ನಕ್ಷೆ ಕಚೇರಿಯಲ್ಲಿಲ್ಲ, ಹಿರಿಯ ವಾಲ್ವ್‌ಮ್ಯಾನ್ ಒಬ್ಬರ ನೆನಪಿನಲ್ಲಿದೆ. ಡಾಂಬರಿನ ಕೆಳಗೆ ಮುಚ್ಚಿಹೋದ ವಾಲ್ವ್ ಚೇಂಬರನ್ನು ಹಾರೆಯಿಂದ ತಟ್ಟಿ, ಶಬ್ದ ಕೇಳಿ ಹುಡುಕುವವರು ನಿವೃತ್ತರಾದ ದಿನ ಆ ವಲಯದ ಅರ್ಧ ಜ್ಞಾನ ಹೋದಂತೆಯೇ. ನೀರಿನ ಕರವನ್ನು ಹೆಚ್ಚಿಸುವ ಪ್ರಸ್ತಾಪ ಚುನಾವಣೆ ಹತ್ತಿರವಾದಾಗ ಮುಂದೂಡಿಕೆಯಾಗುವುದು, ಅನಧಿಕೃತ ನಲ್ಲಿಗಳನ್ನು ಸಕ್ರಮಗೊಳಿಸುವ ಅಭಿಯಾನ ನಡುದಾರಿಯಲ್ಲಿ ನಿಲ್ಲುವುದು, ಎಸ್ಕಾಂ ಬಾಕಿ ಬೆಳೆಯುತ್ತ ಹೋಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಗಳು.

ಆದರೆ ಸಣ್ಣ ಊರಿನ ಸ್ಥಳೀಯ ಸಂಸ್ಥೆಯಿಂದ ಇದು ಸಾಧ್ಯವೇ ಇಲ್ಲ ಎನ್ನುವವರು ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಕರಾಡ ಪಕ್ಕದ ಮಲ್ಕಾಪುರವನ್ನು ನೋಡಬೇಕು. ಹತ್ತಾರು ಸಾವಿರ ಜನರಷ್ಟೇ ಇರುವ ಆ ಪಟ್ಟಣ ದೊಡ್ಡ ನಗರಗಳಿಗಿಂತ ಮೊದಲೇ ದಿನದ 24 ಗಂಟೆಯೂ ನೀರು ಕೊಡಲು ತೊಡಗಿತು. ಪ್ರತಿ ಮನೆಗೂ ಮೀಟರ್ ಹಾಕಿ, ಬಳಕೆ ಹೆಚ್ಚಿದಂತೆ ದರವೂ ಏರುವ ಹಂತಗಳನ್ನು ನಿಗದಿಪಡಿಸಿತು. ಹೊಸ ಕೊಳವೆ ಜಾಲ, ಮೀಟರ್, ಹಂತದ ದರ ಈ ಮೂರೂ ಒಟ್ಟಿಗೆ ಬಂದದ್ದರಿಂದ ಕೆಲಸವಾಯಿತು. ಬರೀ ಮೀಟರ್ ಹಾಕಿ ವಾರಕ್ಕೆರಡು ದಿನ ನೀರು ಬಿಡುವ ಊರುಗಳಲ್ಲಿ ಆ ಮೀಟರು ಗಾಳಿಯನ್ನೂ ಎಣಿಸುತ್ತದೆ, ಜನರ ಆಕ್ರೋಶಕ್ಕೂ ಗುರಿಯಾಗುತ್ತದೆ.

ಸರ್ಕಾರದ ಮಂಡಳಿಗೆ ಅಥವಾ ಸರ್ಕಾರಿ ಕಂಪನಿಗೆ ವಹಿಸುವುದು

ಮಂಡಳಿಯೇ ನೀರನ್ನು ಊರಿನ ಅಂಚಿನ ಟ್ಯಾಂಕಿನವರೆಗೆ ತಂದು ಸಗಟಾಗಿ ಕೊಡುವುದು, ಹಂಚಿಕೆಯನ್ನು ನಗರಸಭೆ ನೋಡಿಕೊಳ್ಳುವುದು ಒಂದು ರೀತಿ. ಒಂದೇ ನದಿಯಿಂದ ಹಲವು ಪಟ್ಟಣಗಳಿಗೂ ಹಳ್ಳಿಗಳಿಗೂ ನೀರು ಹೋಗುವಲ್ಲಿ ಇದು ಸಹಜವಾದ ಆಯ್ಕೆ. ಅಲ್ಲಿ ಎಚ್ಚರ ಬೇಕಾದದ್ದು ಒಂದೇ: ಹಸ್ತಾಂತರದ ಜಾಗದಲ್ಲಿ ಎರಡೂ ಕಡೆಯವರು ಒಪ್ಪಿದ ಮೀಟರ್ ಇರಬೇಕು.

ಹಂಚಿಕೆಯನ್ನೂ ಸೇರಿಸಿ ಸರ್ಕಾರಿ ಕಂಪನಿಗೆ ಒಪ್ಪಿಸಿದ ಉದಾಹರಣೆ ಒಡಿಶಾದ್ದು. ಅಲ್ಲಿನ ಸರ್ಕಾರಿ ಕಂಪನಿ ವಾಟ್ಕೋ, ಪುರಿಯಲ್ಲಿ 2021ರ ಜುಲೈಯಿಂದ ನಲ್ಲಿಯಿಂದಲೇ ಕುಡಿಯಬಹುದಾದ ನೀರನ್ನು ದಿನವಿಡೀ ಕೊಡುವ ಯೋಜನೆಯನ್ನು ಆರಂಭಿಸಿತು. ಮೀಟರ್ ಓದುವುದು, ಬಿಲ್ಲು ವಸೂಲು ಮಾಡುವುದು, ಮನೆ ಬಾಗಿಲಲ್ಲಿ ನೀರಿನ ಪರೀಕ್ಷೆ ಮಾಡಿ ತೋರಿಸುವುದು ಮುಂತಾದ ಕೆಲಸಗಳನ್ನು ಸ್ವಸಹಾಯ ಸಂಘದ ಮಹಿಳೆಯರಿಗೆ 'ಜಲಸಾಥಿ' ಎಂಬ ಹೆಸರಿನಲ್ಲಿ ಕೊಡಲಾಯಿತು. ವಸೂಲಾತಿಯ ಮೇಲೆ ಅವರಿಗೆ ಪ್ರೋತ್ಸಾಹಧನವೂ ಸಿಗುತ್ತದೆ. ನಮ್ಮಲ್ಲಿ ಎಸ್ಕಾಂಗಳು ಗ್ರಾಮ ವಿದ್ಯುತ್ ಪ್ರತಿನಿಧಿಗಳ ಮೂಲಕ ಹಳ್ಳಿಗಳಲ್ಲಿ ಮೀಟರ್ ಓದಿಸಿ ಹಣ ವಸೂಲು ಮಾಡಿಸಿದ್ದು ಇದೇ ಜಾತಿಯ ಸಣ್ಣ ಫ್ರಾಂಚೈಸಿ. ನಗರಸಭೆಗೆ ಹೊರಗಿನ ದೊಡ್ಡ ಕಂಪನಿಯ ಬಗ್ಗೆ ಹಿಂಜರಿಕೆ ಇದ್ದರೆ, ವಸೂಲಾತಿಯ ಈ ಒಂದು ತುಂಡನ್ನಷ್ಟೇ ಸ್ಥಳೀಯ ಮಹಿಳಾ ಒಕ್ಕೂಟಕ್ಕೆ ವಹಿಸಿ ನೋಡುವುದು ಕಡಿಮೆ ಅಪಾಯದ ಹೆಜ್ಜೆ.

ಫಲಿತಾಂಶಕ್ಕೆ ಹಣ ಕೊಡುವ ಗುತ್ತಿಗೆ

ಈ ಮಾದರಿಯ ಬಗ್ಗೆ ಕರ್ನಾಟಕಕ್ಕೆ ಸ್ವಂತ ಅನುಭವವಿದೆ, ಮತ್ತು ಅದನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡಬೇಕು. ವಿಶ್ವ ಬ್ಯಾಂಕಿನ ಸಾಲದೊಂದಿಗೆ 2004ರಲ್ಲಿ ಆರಂಭವಾದ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಕಲಬುರಗಿಯ ಕೆಲವು ಪ್ರಾತ್ಯಕ್ಷಿಕೆ ವಲಯಗಳಲ್ಲಿ, ಸುಮಾರು 25,000 ಸಂಪರ್ಕಗಳಿಗೆ ನಿರಂತರ ನೀರು ಕೊಡಲಾಯಿತು. ನಿರ್ವಾಹಕರು ಫ್ರಾನ್ಸ್ ಮೂಲದ ವಿಯೋಲಿಯಾ ಸಮೂಹದವರು. ಬಂಡವಾಳ ಅವರದ್ದಲ್ಲ, ಆಸ್ತಿ, ದರ, ಬಿಲ್ಲಿನ ಹಣ ಎಲ್ಲವೂ ಪಾಲಿಕೆಗಳ ಬಳಿಯೇ ಉಳಿದವು. ನಿರ್ವಾಹಕರಿಗೆ ನಿಗದಿತ ಶುಲ್ಕವಿತ್ತು, ಅದರ ಒಂದು ಭಾಗ ಮಾತ್ರ ಗುರಿ ಮುಟ್ಟಿದರೆ ಸಿಗುವಂಥದ್ದು. ವಲಯಗಳನ್ನು ಉಳಿದ ಜಾಲದಿಂದ ಬೇರ್ಪಡಿಸಿ, ಕೊಳವೆಯಿಂದ ಮನೆಯ ಮೀಟರಿನವರೆಗೆ ಎಲ್ಲವನ್ನೂ ಹೊಸದಾಗಿ ಹಾಕಿದ್ದರಿಂದ ಸೋರಿಕೆ ಗಣನೀಯವಾಗಿ ಇಳಿಯಿತು.

ಹುಬ್ಬಳ್ಳಿ-ಧಾರವಾಡದ ಈ ವಲಯಗಳನ್ನೂ ಪಕ್ಕದ ಹಳೆಯ ವಲಯಗಳನ್ನೂ ಹೋಲಿಸಿ ಸಂಶೋಧಕರು ನೀರಿನ ಮಾದರಿಗಳನ್ನು ಪರೀಕ್ಷಿಸಿದ್ದಾರೆ. ನಿರಂತರ ಒತ್ತಡ ಇರುವ ನಲ್ಲಿಗಳಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಬಹಳ ಕಡಿಮೆ ಕಂಡವು. ಕೆಲವು ದಿನಗಳಿಗೊಮ್ಮೆ ನೀರು ಬಿಡುವ ಕಡೆ, ವಾಲ್ವ್ ತೆರೆದ ಮೊದಲ ಕೆಲವು ನಿಮಿಷಗಳ ನೀರೇ ಅತಿ ಹೆಚ್ಚು ಕಲುಷಿತವಾಗಿತ್ತು. ಕಾರಣ ಸರಳ: ಕೊಳವೆ ಖಾಲಿಯಾದಾಗ ಒಳಗೆ ಒತ್ತಡ ಇಳಿದು, ಬಿರುಕುಗಳ ಮೂಲಕ ಚರಂಡಿಯ ನೀರನ್ನು ಅದೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆದರೂ ಮಕ್ಕಳ ಅತಿಸಾರದ ಒಟ್ಟು ಪ್ರಮಾಣದಲ್ಲಿ ನಿರೀಕ್ಷಿಸಿದಷ್ಟು ಇಳಿಕೆ ಕಾಣಲಿಲ್ಲ ಎಂಬುದನ್ನೂ ಅಧ್ಯಯನ ಹೇಳಿತು. ಮಾರಾಟದ ಭಾಷಣಗಳಲ್ಲಿ ಈ ಎರಡನೇ ಮಾತು ಬಿಟ್ಟುಹೋಗುತ್ತದೆ.

ಸಣ್ಣ ನಗರಸಭೆ ಇಲ್ಲಿಂದ ಕಲಿಯಬೇಕಾದದ್ದು, ಖಾಸಗಿ ನಿರ್ವಾಹಕರು ಬಂದದ್ದರಿಂದಲೇ ನೀರು ಬಂತು ಎಂಬುದನ್ನಲ್ಲ. ಹೊಸ ಜಾಲಕ್ಕೆ ಸಾರ್ವಜನಿಕ ಹಣ ಬಂತು, ಅದರ ಮೇಲೆ ಹೊಣೆ ಹೊತ್ತ ನಿರ್ವಾಹಕರು ಬಂದರು, ಗುರಿಯನ್ನು ಅಳೆಯುವವರು ಬೇರೆಯೇ ಇದ್ದರು. ಇವುಗಳಲ್ಲಿ ಒಂದನ್ನು ತೆಗೆದರೂ ಫಲಿತಾಂಶ ಬೇರೆಯಾಗುತ್ತಿತ್ತು. ಸಣ್ಣ ವಲಯದ ಫಲಿತಾಂಶವನ್ನು ಇಡೀ ನಗರಕ್ಕೆ ವಿಸ್ತರಿಸುವುದು ಎಷ್ಟು ನಿಧಾನ ಎಂಬುದಕ್ಕೂ ಇದೇ ನಗರಗಳು ಸಾಕ್ಷಿ: ವಿಸ್ತರಣೆಯ ದೊಡ್ಡ ಯೋಜನೆಗೆ ವಿಶ್ವ ಬ್ಯಾಂಕಿನ ಸಾಲ ಮಂಜೂರಾದದ್ದು 2016ರಲ್ಲಿ.

ಮೈಸೂರಿನಲ್ಲಿ 2008ರಲ್ಲಿ ಜೆಮ್‌ಶೆಡ್‌ಪುರದ ಖಾಸಗಿ ಸಂಸ್ಥೆ ಜುಸ್ಕೋಗೆ ಇಡೀ ನಗರದ ಜಾಲದ ಮರುರೂಪಣೆ ಮತ್ತು ನಿರ್ವಹಣೆಯನ್ನು ವಹಿಸಲಾಯಿತು. ವಿವಾದಗಳ ನಡುವೆ ಅದು ಮುಗಿದು, ನಿರ್ವಹಣೆ ಪಾಲಿಕೆಯ ವಾಣಿ ವಿಲಾಸ ವಾಟರ್ ವರ್ಕ್ಸ್‌ಗೆ ಮರಳಿತು. ಹಳೆಯ ಊರಿನ ನೆಲದಡಿ ಏನಿದೆ ಎಂಬುದು ಅಗೆಯುವವರೆಗೆ ತಿಳಿಯುವುದಿಲ್ಲ. ಕೊಳವೆಯ ಉದ್ದ ಮತ್ತು ಸಂಪರ್ಕಗಳ ಸಂಖ್ಯೆಯನ್ನು ಅಂದಾಜಿನಲ್ಲಿ ಬರೆದು ಒಟ್ಟು ಮೊತ್ತದ ಟೆಂಡರ್ ಕರೆದರೆ ಜಗಳವನ್ನು ಮೊದಲೇ ಬರೆದಿಟ್ಟಂತೆ.

ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ ಹಾಗೂ ಕರಾವಳಿಯ ಕುಂದಾಪುರ, ಪುತ್ತೂರು ಮುಂತಾದ ಕಡೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ 'ಜಲಸಿರಿ' ಯೋಜನೆಯಲ್ಲಿ ಬಂದ ಒಪ್ಪಂದಗಳು ಇದರ ಮುಂದಿನ ರೂಪ: ಕಟ್ಟಿದವರೇ ಹಲವು ವರ್ಷ ನಡೆಸಿ ತೋರಿಸಬೇಕು. ಕಟ್ಟುವವರಿಗೂ ನಡೆಸುವವರಿಗೂ ನಡುವಿನ ಕಂದಕವನ್ನು ಇದು ಮುಚ್ಚುತ್ತದೆ. ಸಣ್ಣ ಊರುಗಳಿಗೆ, ಅದರಲ್ಲೂ ಹಲವು ಊರುಗಳನ್ನು ಒಟ್ಟುಗೂಡಿಸಿ ಟೆಂಡರ್ ಕರೆದಾಗ, ಇದು ಸೂಕ್ತವಾಗುತ್ತದೆ.

ದೀರ್ಘಾವಧಿಯ ಫ್ರಾಂಚೈಸಿ

ಕಂಪನಿಯು ಬಂಡವಾಳದ ಒಂದು ಭಾಗ ಹಾಕಿ, ಇಪ್ಪತ್ತೈದು ಮೂವತ್ತು ವರ್ಷ ಬಳಕೆದಾರರಿಂದ ವಸೂಲು ಮಾಡಿಕೊಳ್ಳುವ ಈ ಮಾದರಿಯ ಬಗ್ಗೆ ಎರಡು ಊರುಗಳ ಅನುಭವ ಸಾಕು.

ಮಧ್ಯಪ್ರದೇಶದ ಖಂಡ್ವಾ ಸುಮಾರು 2 ಲಕ್ಷ ಜನರ ಊರು, ಅಂದರೆ ನಮ್ಮ ದೊಡ್ಡ ನಗರಸಭೆಗಳಷ್ಟು. ನರ್ಮದಾ ಕಣಿವೆಯಿಂದ ಸುಮಾರು 50 ಕಿಲೋಮೀಟರ್ ಕೊಳವೆ ಹಾಕಿ ನೀರು ತರುವ ಯೋಜನೆಯನ್ನು ದೀರ್ಘಾವಧಿಗೆ ಕಂಪನಿಗೆ ಕೊಡಲಾಯಿತು. ಯೋಜನಾ ವೆಚ್ಚದ ಬಹುಪಾಲು ಕೇಂದ್ರ ಮತ್ತು ರಾಜ್ಯದ ಅನುದಾನವೇ ಆಗಿತ್ತು. ನಗರದಲ್ಲಿ ಸ್ಪರ್ಧೆಗೆ ಬರುವ ಬೇರೆ ನೀರಿನ ವ್ಯವಸ್ಥೆ ಇರಬಾರದು ಎಂಬ ಅರ್ಥದ ಷರತ್ತು ಬೆಳಕಿಗೆ ಬಂದ ಮೇಲೆ ಊರು ತಿರುಗಿಬಿತ್ತು. 2012ರ ಕೊನೆಯಲ್ಲಿ ಅಧಿಸೂಚನೆಗೆ ಸಾವಿರಾರು ಲಿಖಿತ ಆಕ್ಷೇಪಣೆಗಳು ಸಲ್ಲಿಕೆಯಾದವು. ಬಾವಿ, ಬೋರ್‌ವೆಲ್, ಸಾರ್ವಜನಿಕ ನಲ್ಲಿಗಳನ್ನು ನಂಬಿರುವ ಊರಿನಲ್ಲಿ ಅಂತಹ ಒಂದು ಸಾಲು ಸಾಕು, ಉಳಿದ ಒಪ್ಪಂದವನ್ನು ಯಾರೂ ಓದುವುದಿಲ್ಲ.

ತಮಿಳುನಾಡಿನ ತಿರುಪ್ಪೂರಿನ ಕಥೆ ಬೇರೆ. ಸುಮಾರು ₹1,000 ಕೋಟಿ ವೆಚ್ಚದಲ್ಲಿ, ದಿನಕ್ಕೆ 18.5 ಕೋಟಿ ಲೀಟರ್ ಸಾಮರ್ಥ್ಯದ ಯೋಜನೆ ಅಲ್ಲಿ ಎರಡು ದಶಕಗಳ ಹಿಂದೆ ಕಾರ್ಯಾರಂಭ ಮಾಡಿತು. ಬಣ್ಣ ಹಾಕುವ ಕಾರ್ಖಾನೆಗಳು ಹೆಚ್ಚಿನ ದರಕ್ಕೆ ನೀರು ಕೊಂಡು, ಅದರ ಆದಾಯದಿಂದ ಮನೆಗಳಿಗೆ ಅಗ್ಗದಲ್ಲಿ ನೀರು ಕೊಡುವ ಲೆಕ್ಕಾಚಾರವದು. ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿದಾಗ ಮುಖ್ಯ ಗ್ರಾಹಕರೇ ಇಲ್ಲದಂತಾಯಿತು. ಕನಿಷ್ಠ ಇಷ್ಟು ನೀರಿಗೆ ಹಣ ಕೊಟ್ಟೇ ತೀರುತ್ತೇವೆ ಎಂದು ನಗರಸಭೆ ಒಪ್ಪಿಕೊಳ್ಳುವ ಮುಂಚೆ, ಅಂತಹ ಒಂದು ಆದೇಶ ತನ್ನ ಊರಿನ ದೊಡ್ಡ ಗ್ರಾಹಕರ ಮೇಲೆ ಬಂದರೆ ಏನಾಗುತ್ತದೆ ಎಂದು ಯೋಚಿಸಬೇಕು.

ಮಹಾರಾಷ್ಟ್ರದ ಭಿವಂಡಿಯಲ್ಲಿ 2007ರಿಂದ ಖಾಸಗಿ ಕಂಪನಿ ಟೊರೆಂಟ್ ಪವರ್ ನಡೆಸಿದ ವಿದ್ಯುತ್ ಫ್ರಾಂಚೈಸಿಯಲ್ಲಿ ನಷ್ಟ ಬಹಳ ಇಳಿಯಿತು, ನೀರಿಗೂ ಹಾಗೆ ಮಾಡೋಣ ಎಂಬ ವಾದವಿದೆ. ಅಲ್ಲಿ ಊರಿನ ಬಾಗಿಲಲ್ಲಿ ಪ್ರತಿ ಯೂನಿಟ್ ಅಳತೆಯಾಗುತ್ತಿತ್ತು, ದರವನ್ನು ಆಯೋಗ ನಿಗದಿ ಮಾಡುತ್ತಿತ್ತು. ನೀರಿನಲ್ಲಿ ಆ ಎರಡೂ ಇಲ್ಲ. ವಿದ್ಯುತ್ ವಿತರಣೆಯ ಪರವಾನಗಿ ನಮ್ಮಲ್ಲಿ ಎಸ್ಕಾಂಗಳದ್ದು. ನಗರಸಭೆಗೆ ಅದನ್ನು ಫ್ರಾಂಚೈಸಿಗೆ ಕೊಡುವ ಅಧಿಕಾರವೇ ಇಲ್ಲ. ಅನಿಲ ಕೊಳವೆಗೆ ಪರವಾನಗಿ ಕೊಡುವುದು ಕೇಂದ್ರದ ನಿಯಂತ್ರಣ ಮಂಡಳಿ, ಕೇಬಲ್‌ಗಳದ್ದೂ ಬೇರೆ ಕಾನೂನು. ಇವುಗಳಲ್ಲಿ ನಗರಸಭೆಯ ಕೈಯಲ್ಲಿರುವುದು ರಸ್ತೆ ಅಗೆಯುವ ಅನುಮತಿ. ಅದನ್ನಾದರೂ ಬುದ್ಧಿವಂತಿಕೆಯಿಂದ ಬಳಸಬಹುದು: ಕಾಂಕ್ರೀಟ್ ರಸ್ತೆ ಹಾಕುವ ಮುಂಚೆ ನೀರಿನ ಕೊಳವೆ ಮತ್ತು ಮನೆ ಸಂಪರ್ಕಗಳನ್ನು ಮುಗಿಸಿ, ಉಳಿದವರಿಗೆ ಅದೇ ಋತುವಿನಲ್ಲಿ ಅಗೆಯಲು ದಿನ ನಿಗದಿಪಡಿಸುವುದು.

ಯಾವ ಊರಿಗೆ ಯಾವುದು

ನೀರಿನ ಮೂಲವೇ ಅಭದ್ರವಾಗಿದ್ದರೆ ನಿರ್ವಾಹಕರನ್ನು ಹುಡುಕುವುದು ಎರಡನೇ ಮಾತು. ಉಡುಪಿ ನಗರಸಭೆ ದಶಕಗಳಿಂದ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯನ್ನು ನಂಬಿತ್ತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಅಲ್ಲಿ ನೀರಿನ ಮಟ್ಟ ಕುಸಿದಾಗ ಯಾವ ಕಂಪನಿ ಇದ್ದರೂ ಪಾಳಿಯಲ್ಲೇ ನೀರು ಬಿಡಬೇಕಾಗುತ್ತಿತ್ತು. ಪಟ್ಟಣಗಳ ನೀರು, ಒಳಚರಂಡಿಗೆ ಕೇಂದ್ರ ಸರ್ಕಾರ ನೆರವು ಕೊಡುವ ಅಮೃತ್ ಯೋಜನೆಯಡಿ ವಾರಾಹಿ ನದಿಯಿಂದ ನೀರು ತರಲು ಹೊರಟದ್ದು ಅದಕ್ಕಾಗಿ. ಮೂಲ ಭದ್ರವಿದ್ದು ಜಾಲ ಹಳೆಯದಾಗಿದ್ದರೆ, 2021ರ ಅಕ್ಟೋಬರಿನಲ್ಲಿ ಆರಂಭವಾದ ಅಮೃತ್ 2.0 ಎಲ್ಲಾ ಶಾಸನಬದ್ಧ ಪಟ್ಟಣಗಳಿಗೂ ಅನ್ವಯಿಸಿದ್ದು, ಅದರಲ್ಲಿ 1 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನ ಯೋಜನೆಗೆ ಕೇಂದ್ರದ ಪಾಲು ಅರ್ಧ, 1ರಿಂದ 10 ಲಕ್ಷದವರೆಗೆ ಮೂರನೇ ಒಂದು ಭಾಗ ಎಂಬುದನ್ನು ನೆನಪಿಡಬೇಕು. ಇಷ್ಟು ಸಾರ್ವಜನಿಕ ಹಣ ಇರುವಾಗ ಬಂಡವಾಳಕ್ಕಾಗಿ ಮೂವತ್ತು ವರ್ಷ ಬರೆದುಕೊಡುವ ಅಗತ್ಯ ಸಣ್ಣ ಊರಿಗೆ ಇಲ್ಲ. ಜಾಲವನ್ನು ಅನುದಾನದಿಂದ ಹೊಸದಾಗಿಸಿ, ಕಟ್ಟಿದವರಿಂದಲೇ ಐದರಿಂದ ಎಂಟು ವರ್ಷ ಫಲಿತಾಂಶಕ್ಕೆ ತಕ್ಕ ಶುಲ್ಕದಲ್ಲಿ ನಡೆಸಿಕೊಂಡು, ಆ ಅವಧಿಯಲ್ಲಿ ಸ್ವಂತ ಸಿಬ್ಬಂದಿಯನ್ನು ತಯಾರು ಮಾಡುವುದು ಹೆಚ್ಚಿನ ನಗರಸಭೆಗಳಿಗೆ ಹೊಂದುತ್ತದೆ. ಜಾಲ ಸುಮಾರಾಗಿ ಚೆನ್ನಾಗಿದ್ದು ವಸೂಲಾತಿ ಮಾತ್ರ ಹಿಂದೆ ಬಿದ್ದಿದ್ದರೆ ಸ್ವಂತ ನಿರ್ವಹಣೆಯನ್ನೇ ಉಳಿಸಿಕೊಂಡು ಬಿಲ್ಲಿಂಗನ್ನು ಮಾತ್ರ ಹೊರಗೆ ಕೊಟ್ಟರೆ ಸಾಕು. ಒಬ್ಬ ಸಹಾಯಕ ಎಂಜಿನಿಯರನ್ನಾದರೂ ನೀರಿನ ಕೆಲಸಕ್ಕೆಂದೇ ಪೂರ್ಣಾವಧಿಗೆ ಕೊಡಲಾಗದ ನಗರಸಭೆ ಮಾತ್ರ ಮಂಡಳಿಯ ನೆರವಿಲ್ಲದೆ ಯಾವ ಒಪ್ಪಂದಕ್ಕೂ ಇಳಿಯಬಾರದು.

ಒಪ್ಪಂದಕ್ಕೆ ಹೋಗುವುದಾದರೆ ಸಾಮಾನ್ಯ ಸಭೆಯು ಕರಡನ್ನು ಕನ್ನಡದಲ್ಲಿ ಮುಂಚಿತವಾಗಿ ಸಾರ್ವಜನಿಕರ ಮುಂದಿಡಬೇಕು, ಅನುಬಂಧಗಳನ್ನೂ ಬಿಡದೆ. ದರ ನಿಗದಿಯ ಹಕ್ಕು ಕೌನ್ಸಿಲ್‌ನ ಬಳಿಯೇ ಉಳಿಯಬೇಕು. ಬಡವರ ಬಡಾವಣೆಗಳ ಸಾರ್ವಜನಿಕ ನಲ್ಲಿಯನ್ನು ತೆಗೆಯುವುದಾದರೆ, ಆ ಬೀದಿಯ ಪ್ರತಿ ಮನೆಗೆ ಸಂಪರ್ಕ ಸಿಕ್ಕ ಮೇಲಷ್ಟೇ ತೆಗೆಯಬೇಕು ಎಂದು ಬರೆಯಬೇಕು. ನೀರಿನ ಗುಣಮಟ್ಟದ ಪರೀಕ್ಷೆಯನ್ನು ನಿರ್ವಾಹಕರ ಪ್ರಯೋಗಾಲಯದಲ್ಲಿ ಮಾತ್ರ ಮಾಡಿಸಬಾರದು. ಈಗಿರುವ ಹೊರಗುತ್ತಿಗೆ ನೌಕರರ ಗತಿ ಏನೆಂಬುದನ್ನು ಟೆಂಡರಿನಲ್ಲೇ ಹೇಳದಿದ್ದರೆ ಹಸ್ತಾಂತರದ ದಿನ ಪಂಪ್‌ಹೌಸಿನ ಬಾಗಿಲಲ್ಲಿ ಧರಣಿ ಕೂರುತ್ತಾರೆ, ಮತ್ತು ಅವರು ಕೂರುವುದರಲ್ಲಿ ನ್ಯಾಯವಿರುತ್ತದೆ.

ಕೊನೆಯ ವರ್ಷದ ಷರತ್ತನ್ನು ಮೊದಲ ದಿನವೇ ಬರೆಯಬೇಕು. ಅವಧಿ ಮುಗಿಯುವ ಹೊತ್ತಿಗೆ ಕೊಳವೆ ಜಾಲದ ಡಿಜಿಟಲ್ ನಕ್ಷೆ, ಪ್ರತಿ ಗ್ರಾಹಕರ ಮೀಟರ್ ಇತಿಹಾಸ, ಬಿಲ್ಲಿಂಗ್ ತಂತ್ರಾಂಶದ ದತ್ತಾಂಶ, ವಾಲ್ವ್‌ಗಳ ಪಟ್ಟಿ ಎಲ್ಲವೂ ನಗರಸಭೆಯ ಗಣಕಯಂತ್ರದಲ್ಲಿ ಇರಬೇಕು. ಅದರ ಪ್ರತಿಯನ್ನು ಪ್ರತಿ ತ್ರೈಮಾಸಿಕದ ಶುಲ್ಕ ಬಿಡುಗಡೆಗೆ ಮುನ್ನ ಸಲ್ಲಿಸಬೇಕು. ಪಂಪುಗಳ ದಕ್ಷತೆಯನ್ನು ಮೂರನೆಯವರಿಂದ ಪರೀಕ್ಷಿಸಿ, ನಿಗದಿತ ಮಟ್ಟಕ್ಕಿಂತ ಕಡಿಮೆ ಇದ್ದರೆ ದುರಸ್ತಿಯ ವೆಚ್ಚವನ್ನು ತಡೆಹಿಡಿದ ಭದ್ರತಾ ಠೇವಣಿಯಿಂದ ಮುರಿದುಕೊಳ್ಳಬೇಕು.